ಡಿಗ್ರಿ ಇಲ್ಲದೆ ಥೆರಪಿಸ್ಟ್ ಆಗ್ಬಹುದಾ? ಹತ್ತನೇ ಕ್ಲಾಸ್ ಕೌನ್ಸೆಲರ್‌ಗಳ ಕತೆ ಮತ್ತು ₹14,999ರ ಕೋರ್ಸ್

ಈ ವಾರದ ಎಪಿಸೋಡ್‌ನ ಬರಹ ರೂಪ ಇದು. ಬಸ್ಸಲ್ಲಿ ನಿಂತು ಓದೋರಿಗೆ, ಇಯರ್‌ಫೋನ್ ಮನೇಲೇ ಮರೆತವರಿಗೆ. ಮಾತಿನ ಮಧ್ಯೆ ಬರೋ 'ಆಂ', 'ಅದೇನಂದ್ರೆ'ಗಳನ್ನ ಕಡಿಮೆ ಮಾಡಿದ್ದೀನಿ, ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.

ರಾಣೆಬೆನ್ನೂರಿನಿಂದ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ರು. ವಯಸ್ಸು 23. ಸೆಕೆಂಡ್ ಪಿಯುಸಿ ಆದ್ಮೇಲೆ ಅಪ್ಪನಿಗೆ ಹುಷಾರಿಲ್ಲದೆ ಓದು ನಿಂತಿದೆ. ಈಗ ಮೊಬೈಲ್ ರಿಪೇರಿ ಅಂಗಡೀಲಿ ಕೆಲಸ. "ಅಕ್ಕಾ, ಡಿಸ್‌ಪ್ಲೇ ಬದಲಿ ಮಾಡಾಕ ಅರ್ಧ ತಾಸು ಬೇಕು. ಆ ಅರ್ಧ ತಾಸಿನಾಗ ಮಂದಿ ನನ್ನ ಮುಂದ ಕುಂತು ಮನಿ ಕತಿ ಎಲ್ಲಾ ಹೇಳ್ಕೋತಾರ. ಹೇಳಿ ಹಗುರಾಗಿ ಹೋಗ್ತಾರ. ನನಗ ಈ ಕೆಲಸಾನೇ ಮಾಡ್ಬೇಕು ಅನಸ್ತೈತಿ." ಜೊತೆಗೆ ಒಂದು ಸ್ಕ್ರೀನ್‌ಶಾಟ್: ಎಂಟು ವಾರಾಂತ್ಯದ ಆನ್‌ಲೈನ್ ಕೋರ್ಸ್, 'ಸರ್ಟಿಫೈಡ್ ಥೆರಪಿಸ್ಟ್', ಯಾವ ಡಿಗ್ರಿನೂ ಬೇಡ, ₹14,999, ಇವತ್ತು ರಾತ್ರಿ 12ರೊಳಗೆ ಕಟ್ಟಿದ್ರೆ ರಿಯಾಯಿತಿ. ಕೊನೆಗೆ ಪ್ರಶ್ನೆ: "ಸೇರ್ಲೋ, ಬ್ಯಾಡೋ?"

ಇದನ್ನ ಒಬ್ಬರೇ ಕೇಳಿದ್ದಲ್ಲ. ಕಾಲ್ ಸೆಂಟರ್‌ನವರು, ಡೆಲಿವರಿ ಮಾಡೋರು, ಮದುವೆ ಆದ್ಮೇಲೆ ಓದು ಬಿಟ್ಟವರು, ಎಲ್ಲರ ಇನ್‌ಬಾಕ್ಸ್‌ನಲ್ಲೂ ಇದೇ ಜಾಹೀರಾತು ಓಡಾಡ್ತಿದೆ. ಅದಕ್ಕೇ ಹೌದು-ಇಲ್ಲ ಅಂತ ಒಂದೇ ಪದದಲ್ಲಿ ಉತ್ತರ ಕೊಡದೆ ಪೂರ್ತಿ ಬಿಡಿಸಿ ನೋಡೋಣ ಅನ್ನಿಸ್ತು.

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಅರ್ಥ ಆಗೋ ಉದಾಹರಣೆನೇ ಕೊಡ್ತೀನಿ. ನಿಮ್ಮೂರಲ್ಲಿ 'ಟ್ಯಾಕ್ಸ್ ಕನ್ಸಲ್ಟೆಂಟ್' ಅಂತ ಬೋರ್ಡ್ ಹಾಕ್ಕೊಂಡವರು ಇರ್ತಾರೆ. ಲೆಕ್ಕ ಬರೀತಾರೆ, ಜಿಎಸ್‌ಟಿ ರಿಟರ್ನ್ ಹಾಕಿಕೊಡ್ತಾರೆ, ಎಷ್ಟೋ ಸಲ ತುಂಬಾ ಚೆನ್ನಾಗಿ ಮಾಡ್ತಾರೆ. ಆದ್ರೆ ಕಂಪನಿ ಆಡಿಟ್ ವರದಿಗೆ ಸಹಿ ಹಾಕೋಕೆ ಚಾರ್ಟರ್ಡ್ ಅಕೌಂಟೆಂಟೇ ಬೇಕು. ಮನಸ್ಸಿನ ವಿಷಯದಲ್ಲೂ ಇಂಥದ್ದೇ ಒಂದು ಗೆರೆ ಇದೆ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಆಗಿ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಬರೆದುಕೊಡ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮುಗಿಸಿ ಅದರ ರಿಜಿಸ್ಟರಿನಲ್ಲಿ ಹೆಸರು ಇರೋರು. ಈ ಹೆಸರನ್ನ ಯಾರಂದ್ರೆ ಯಾರೋ ಹಾಕ್ಕೊಳ್ಳೋ ಹಾಗಿಲ್ಲ. 1992ರ ಆರ್‌ಸಿಐ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಆ ವೃತ್ತಿ ಮಾಡಿದ್ರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ! ಆಗಿನ ಸಾವಿರ ಅನ್ನಿ. ಈಗ ಅದು ಒಂದು ಸೆಷನ್ ಫೀಸ್‌ಗೂ ಸಾಲದು.

ಹಾಗಾದ್ರೆ 'ಥೆರಪಿಸ್ಟ್', 'ಕೌನ್ಸೆಲರ್', 'ಲೈಫ್ ಕೋಚ್', 'ಹೀಲರ್'? ಈ ಪದಗಳಿಗೆ ಅಂಥ ಗಟ್ಟಿ ಬೇಲಿ ಇಷ್ಟು ವರ್ಷ ಇರಲೇ ಇಲ್ಲ. ಜಾಹೀರಾತು ಹಾಕೋರು ಅದಕ್ಕೇ 'ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ' ಅಂತ ಬರೆಯಲ್ಲ, 'ಥೆರಪಿಸ್ಟ್ ಆಗಿ' ಅಂತ ಬರೀತಾರೆ. ಪದ ನೋಡ್ಕೊಂಡೇ ಆರಿಸಿರ್ತಾರೆ.

ಆದ್ರೆ ಆ ಬೇಲಿ ಈಗ ಬರ್ತಾ ಇದೆ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ಅಂತ ರಾಷ್ಟ್ರೀಯ ಆಯೋಗದ ಕಾಯ್ದೆ ಆಯ್ತು. ಅದರ ಪಟ್ಟಿಯಲ್ಲಿ 'ಬಿಹೇವಿಯರಲ್ ಹೆಲ್ತ್ ಸೈನ್ಸಸ್' ಅಂತ ಒಂದು ಗುಂಪಿದೆ. ಆರ್‌ಸಿಐ ಕೆಳಗೆ ಬರದ ಸೈಕಾಲಜಿಸ್ಟ್‌ಗಳು, ಹಲವು ಬಗೆಯ ಕೌನ್ಸೆಲರ್‌ಗಳು, ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳು, ಮಾನಸಿಕ ಆರೋಗ್ಯದ ಸಹಾಯಕ ಕಾರ್ಯಕರ್ತರು ಎಲ್ಲ ಅದರೊಳಗೆ ಬರ್ತಾರೆ. ಆ ಕಾಯ್ದೆ 'ಅಲೈಡ್ ಹೆಲ್ತ್ ವೃತ್ತಿಪರ' ಅಂತ ಕರೆಯೋಕೆ ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿದ, ಕನಿಷ್ಠ 2000 ಗಂಟೆಯ ಡಿಪ್ಲೊಮಾ ಅಥವಾ ಡಿಗ್ರಿ ಕೇಳುತ್ತೆ. 'ಹೆಲ್ತ್‌ಕೇರ್ ವೃತ್ತಿಪರ'ರಿಗೆ ಕನಿಷ್ಠ 3600 ಗಂಟೆಯ ಡಿಗ್ರಿ. ಎಂಟು ವಾರಾಂತ್ಯ ಅಂದ್ರೆ ಎಷ್ಟು ಗಂಟೆ ಆಯ್ತು? ಶನಿವಾರ, ಭಾನುವಾರ ದಿನಕ್ಕೆ ಐದೈದು ಗಂಟೆ ಕೂತರೂ 80. ಇವತ್ತು ₹14,999 ಕೊಟ್ಟು ತಗೊಂಡ ಸರ್ಟಿಫಿಕೇಟಿಗೆ ನಾಳೆ ಏನು ಬೆಲೆ ಅಂತ ಕೇಳಿದ್ರೆ, ಆ 80 ಮತ್ತು 2000ದ ನಡುವಿನ ಅಂತರ ನೋಡಿ ಸಾಕು.

ಇಲ್ಲಿಗೆ ನಿಲ್ಲಿಸಿದ್ರೆ 'ಡಿಗ್ರಿ ಇಲ್ಲದವರು ಈ ಕಡೆ ತಲೆ ಹಾಕ್ಬೇಡಿ' ಅಂತ ಹೇಳಿದ ಹಾಗಾಗುತ್ತೆ. ಆದ್ರೆ ಕತೆ ಅಷ್ಟು ಸರಳ ಇಲ್ಲ. ಈ ಎಪಿಸೋಡ್‌ಗೆ ಓದ್ತಾ ಹೋದಾಗ ನನಗೆ ಅತ್ಯಂತ ಇಷ್ಟ ಆಗಿದ್ದು ಈ ಮುಂದಿನ ಭಾಗ.

ಈ ವಿದ್ಯೆಯ ಇತಿಹಾಸದಲ್ಲೇ ಡಿಗ್ರಿ ಇಲ್ಲದ ದೊಡ್ಡವರು ಇದ್ದಾರೆ. 'ಐಡೆಂಟಿಟಿ ಕ್ರೈಸಿಸ್' ಅನ್ನೋ ಪದ ನೀವೂ ಸ್ಟೇಟಸ್‌ಗೆ ಹಾಕಿರ್ತೀರಿ. ಅದನ್ನ ಚಾಲ್ತಿಗೆ ತಂದ ಎರಿಕ್ ಎರಿಕ್ಸನ್‌ಗೆ ಬಿಎ ಕೂಡ ಆಗಿರಲಿಲ್ಲ. ಚಿತ್ರ ಬರ್ಕೊಂಡು ಯುರೋಪ್ ಸುತ್ತುತ್ತಿದ್ದವರು ವಿಯೆನ್ನಾದ ಒಂದು ಸಣ್ಣ ಶಾಲೇಲಿ ಮೇಷ್ಟ್ರಾಗಿ ಸೇರಿದ್ರು. ಅಲ್ಲಿ ಅನ್ನಾ ಫ್ರಾಯ್ಡ್ ಸಂಪರ್ಕ ಆಯ್ತು, ಮನೋವಿಶ್ಲೇಷಣೆ ಕಲಿತ್ರು. ಮುಂದೆ ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದ್ರು. ಅಹಮದಾಬಾದಿನ ಗಿರಣಿ ಮುಷ್ಕರದ ಗಾಂಧೀಜಿ ಬಗ್ಗೆ ಅವರು ಬರೆದ ಪುಸ್ತಕಕ್ಕೆ ಪುಲಿಟ್ಜರ್ ಬಂತು. ಅನ್ನಾ ಫ್ರಾಯ್ಡ್ ಕೂಡ ಶಾಲಾ ಟೀಚರ್ ಆಗಿದ್ದವರೇ, ಯೂನಿವರ್ಸಿಟಿ ಮೆಟ್ಟಿಲು ಹತ್ತಿ ಡಿಗ್ರಿ ತಗೊಂಡವರಲ್ಲ. ವೈದ್ಯರಲ್ಲದವರು ಚಿಕಿತ್ಸೆ ಮಾಡಬಹುದಾ ಅನ್ನೋ ಜಗಳ ಆಗಲೇ ಜೋರಾಗಿತ್ತು. 1926ರಲ್ಲಿ ಅವರಪ್ಪ ಸಿಗ್ಮಂಡ್ ಫ್ರಾಯ್ಡ್, ಮಾಡಬಹುದು ಅಂತ ವಾದಿಸಿ ಒಂದು ಪುಸ್ತಕವನ್ನೇ ಬರೆದ್ರು.

ಇದನ್ನೇ ಹಿಡ್ಕೊಂಡು 'ನೋಡಿ, ಎರಿಕ್ಸನ್‌ಗೂ ಡಿಗ್ರಿ ಇರಲಿಲ್ಲ' ಅಂತ ಕೋರ್ಸ್ ಮಾರೋರು ರೀಲ್ಸ್ ಮಾಡಿದ್ರೆ ನನಗೇನೂ ಆಶ್ಚರ್ಯ ಆಗಲ್ಲ. ಅವರು ಹೇಳದೇ ಬಿಡೋದು ಇಷ್ಟು: ಎರಿಕ್ಸನ್ ವರ್ಷಗಟ್ಟಲೆ ಅನ್ನಾ ಫ್ರಾಯ್ಡ್ ಮುಂದೆ ತಮ್ಮನ್ನೇ ವಿಶ್ಲೇಷಣೆಗೆ ಒಡ್ಡಿಕೊಂಡ್ರು, ವಿಯೆನ್ನಾದ ಸಂಸ್ಥೆಯ ತರಬೇತಿ ಮುಗಿಸಿದ್ರು. ಅವರ ಹತ್ರ ಡಿಗ್ರಿ ಇರಲಿಲ್ಲ, ತರಬೇತಿ ಭರ್ತಿ ಇತ್ತು. ಈ ಎರಡು ಬೇರೆ ಬೇರೆ.

ಯುರೋಪ್ ದೂರ ಆಯ್ತು, ನಮ್ಮ ಪಕ್ಕದ ಗೋವಾಕ್ಕೆ ಬರೋಣ. ಅಲ್ಲಿ 'ಸಂಗಾತ್' ಅನ್ನೋ ಸಂಸ್ಥೆ ಇದೆ, ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಶುರು ಮಾಡಿದ್ದು. ಅವರು ಒಂದು ಪ್ರಯೋಗ ಮಾಡಿದ್ರು. ಊರಿನ ಸಾಮಾನ್ಯ ಜನರನ್ನೇ ಕೌನ್ಸೆಲರ್‌ಗಳಾಗಿ ಆರಿಸಿಕೊಂಡ್ರು. ಬೇಕಾಗಿದ್ದ ಓದು? ಹತ್ತನೇ ಕ್ಲಾಸ್. ಮಾನಸಿಕ ಆರೋಗ್ಯದಲ್ಲಿ ಮೊದಲೇ ಯಾವ ತರಬೇತಿನೂ ಇರಬಾರದು. ಮೂರು ವಾರ ಕ್ಲಾಸು, ಆಮೇಲೆ ಆರು ತಿಂಗಳು ಇಂಟರ್ನ್‌ಶಿಪ್. ನಂತರ ಇವರನ್ನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದ್ರು. ಅಲ್ಲಿಗೆ ಬಂದವರ ಪೈಕಿ ತೀವ್ರ ಖಿನ್ನತೆ ಇದ್ದವರಿಗೆ ಆರರಿಂದ ಎಂಟು ಸೆಷನ್. ಮೂರು ತಿಂಗಳಾದ ಮೇಲೆ ನೋಡಿದ್ರೆ, ಕೌನ್ಸೆಲಿಂಗ್ ಸಿಕ್ಕವರಲ್ಲಿ ನೂರಕ್ಕೆ 64 ಜನ ಖಿನ್ನತೆಯ ಮಟ್ಟದಿಂದ ಹೊರಗೆ ಬಂದಿದ್ರು. ಡಾಕ್ಟರ ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 39. ಇದು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ಅವರು ಮಾಡಿದ್ದಾದರೂ ಏನು? ದೊಡ್ಡ ಮಂತ್ರ ಏನಿಲ್ಲ. ಖಿನ್ನತೆ ಬಂದವರು ಒಂದೊಂದೇ ಕೆಲಸ ಬಿಡ್ತಾ ಹೋಗ್ತಾರೆ. ಸಂತೆಗೆ ಹೋಗೋದು ನಿಲ್ಲುತ್ತೆ, ಪಕ್ಕದ ಮನೆಯವರ ಜೊತೆ ಮಾತು ನಿಲ್ಲುತ್ತೆ, ರಂಗೋಲಿ ಹಾಕೋದು ನಿಲ್ಲುತ್ತೆ. ಕೆಲಸ ಬಿಟ್ಟಷ್ಟೂ ಖುಷಿ ಕೊಡೋ ಗಳಿಗೆಗಳು ಕಡಿಮೆ ಆಗುತ್ತವೆ, ಖುಷಿ ಕಡಿಮೆ ಆದಷ್ಟೂ ಇನ್ನಷ್ಟು ಕೆಲಸ ಬಿಟ್ಟುಹೋಗುತ್ತೆ. ಈ ಸುಳಿಯನ್ನ ತಿರುಗಿಸೋದಕ್ಕೆ 'ಬಿಹೇವಿಯರಲ್ ಆಕ್ಟಿವೇಶನ್' ಅಂತಾರೆ. ಮನಸ್ಸು ಸರಿ ಹೋದ್ಮೇಲೆ ಕೆಲಸ ಮಾಡ್ತೀನಿ ಅಂತ ಕಾಯದೆ, ಸಣ್ಣ ಕೆಲಸದಿಂದ ಶುರು ಮಾಡಿ, ಮನಸ್ಸು ಹಿಂದಿನಿಂದ ಬರಲಿ ಅನ್ನೋದು ಅದರ ಲೆಕ್ಕ. ಕೌನ್ಸೆಲರ್ ಜೊತೆಗೆ ಕೂತು ಈ ವಾರ ಏನು ಮಾಡಬಹುದು ಅಂತ ಬರ್ಕೊಳ್ತಾರೆ, ಮುಂದಿನ ವಾರ ಬಂದಾಗ ಕೇಳ್ತಾರೆ.

ನನಗೆ ಮುಖ್ಯ ಅನ್ನಿಸಿದ್ದು ಮಾತ್ರ ಬೇರೆ ಒಂದು ವಿವರ. ಆ ಕೌನ್ಸೆಲರ್‌ಗಳ ಸೆಷನ್ ರೆಕಾರ್ಡ್ ಆಗ್ತಿತ್ತು. ಅದನ್ನ ಜೊತೆಗಾರರು ಗುಂಪಲ್ಲಿ ಕೂತು ಕೇಳ್ತಿದ್ರು. ಎಲ್ಲಿ ಅವಸರ ಮಾಡಿದ್ರಿ, ಎಲ್ಲಿ ಉಪದೇಶ ಶುರು ಹಚ್ಕೊಂಡ್ರಿ ಅಂತ ಅಂಕ ಹಾಕ್ತಿದ್ರು. ಮೇಲೆ ತಜ್ಞರೂ ಇದ್ರು. ಇದಕ್ಕೆ ಸೂಪರ್‌ವಿಷನ್ ಅಂತಾರೆ. ನಾನು ನನ್ನ ಎಪಿಸೋಡ್‌ಗಳನ್ನ ಎಡಿಟ್ ಮಾಡುವಾಗ ನನ್ನದೇ ದನಿ ಕೇಳೋಕೆ ಎಷ್ಟು ಕಸಿವಿಸಿ ಆಗುತ್ತೆ ಅಂತ ಗೊತ್ತು. ಅಳ್ತಿರೋ ಮನುಷ್ಯನ ಮುಂದೆ ನಾವಾಡಿದ ಮಾತನ್ನ ಹತ್ತು ಜನರ ಜೊತೆ ಕೂತು ಕೇಳೋದು ಇನ್ನೆಷ್ಟು ಕಷ್ಟ ಇರಬೇಕು, ಯೋಚನೆ ಮಾಡಿ.

ಜಿಂಬಾಬ್ವೆಯಲ್ಲೂ ಹೀಗೇ. ಮನೋವೈದ್ಯ ಡಿಕ್ಸನ್ ಚಿಬಾಂಡ ಅಲ್ಲಿ 'ಫ್ರೆಂಡ್‌ಶಿಪ್ ಬೆಂಚ್' ಅಂತ ಶುರು ಮಾಡಿದ್ರು, ಆಸ್ಪತ್ರೆ ಅಂಗಳದ ಮರದ ಬೆಂಚಿನ ಮೇಲೆ ತರಬೇತಿ ಪಡೆದ ಅಜ್ಜಿಯರು ಕೂತು ಕಷ್ಟ ಕೇಳೋದು. ಅಲ್ಲಿನ ಶೋನಾ ಭಾಷೇಲಿ ಖಿನ್ನತೆಗೆ ಹತ್ತಿರದ ಪದ 'ಕುಫುಂಗಿಸಿಸಾ', ಅರ್ಥ 'ಅತಿಯಾಗಿ ಯೋಚನೆ ಮಾಡೋದು'. ನಮ್ಮಲ್ಲಿ 'ಯಾಕೋ ಯೋಚನೆ ಜಾಸ್ತಿ ಆಗಿದೆ' ಅಂತೀವಲ್ಲ, ಥೇಟ್ ಅದೇ. ಊರಿನ ಜನ 'ಐ ಆ್ಯಮ್ ಡಿಪ್ರೆಸ್ಡ್' ಅಂತ ಬರಲ್ಲ. ಎದೆ ಭಾರ, ಕೈಕಾಲು ಸೋಲು, ನಿದ್ದೆ ಇಲ್ಲ, ಗ್ಯಾಸು ಅಂತ ಬರ್ತಾರೆ. ಇದನ್ನ ಕೇಳಿಸ್ಕೊಳ್ಳೋಕೆ ಅದೇ ಊರಿನ ಕಿವಿ ಬೇಕು. ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲೇ ಓದಿ, ಇಂಗ್ಲಿಷ್‌ನಲ್ಲೇ ಸೆಷನ್ ಮಾಡೋರ ಹತ್ರ ಹಾವೇರಿ ಕಡೆಯ ಅಮ್ಮ ಒಬ್ಬರು ಎಷ್ಟು ಹೇಳ್ಕೊಳ್ತಾರೆ? ಈ ಕಾರಣಕ್ಕೇ ನನಗೆ ಮೊಬೈಲ್ ಅಂಗಡಿ ಹುಡುಗನ ಆಸೆ ತಮಾಷೆ ಅನ್ನಿಸಲಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ, ಮತ್ತು ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆನೇ ಸಿಕ್ತಿಲ್ಲ. ಡಾಕ್ಟರುಗಳಿಂದಷ್ಟೇ ಇದು ಮುಗಿಯೋ ಕೆಲಸ ಅಲ್ಲ. ಕರ್ನಾಟಕಕ್ಕೆ ಇದು ಹೊಸ ಮಾತೂ ಅಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನೋಡಿತ್ತು. ಅದೇ ಮಾದರಿ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು.

ಹಾಗಾದ್ರೆ ಆ ಎಂಟು ವಾರಾಂತ್ಯದ ಕೋರ್ಸಿಗೂ ಗೋವಾದ ಮೂರು ವಾರಕ್ಕೂ ಏನು ವ್ಯತ್ಯಾಸ, ಎರಡೂ ಚಿಕ್ಕದೇ ಅಲ್ವಾ ಅಂತ ಕೇಳಬಹುದು. ಒಳ್ಳೆ ಪ್ರಶ್ನೆ.

ಗೋವಾದ ಕೌನ್ಸೆಲರ್ ಒಬ್ಬರೇ ರೂಮ್ ಮಾಡ್ಕೊಂಡು ಕೂತಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಕೂತಿದ್ರು, ಪಕ್ಕದ ರೂಮಲ್ಲಿ ಡಾಕ್ಟರ್. ಯಾರನ್ನ ನೋಡಬೇಕು ಅನ್ನೋದೂ ಮೊದಲೇ ಗೊತ್ತಾಗಿರ್ತಿತ್ತು. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, 0ಯಿಂದ 27ರವರೆಗೆ ಅಂಕ. ಅದರ ಒಂಬತ್ತನೇ ಪ್ರಶ್ನೆ, ಸತ್ತರೆ ಚೆನ್ನಾಗಿತ್ತು ಅಥವಾ ತನಗೆ ತಾನೇ ಏನಾದ್ರೂ ಮಾಡಿಕೊಳ್ಳಬೇಕು ಅನ್ನೋ ಯೋಚನೆ ಬಂದಿದೆಯಾ ಅಂತ. ಈಗ ನೀವು ಝೂಮ್‌ನಲ್ಲಿ ಒಬ್ಬರೇ ಕೂತಿದ್ದೀರಿ ಅಂದ್ಕೊಳ್ಳಿ. ಆ ಕಡೆಯವರು 'ಹೌದು, ದಿನಾ ಬರುತ್ತೆ' ಅಂದ್ರು. ಮುಂದೇನು? ಯಾರಿಗೆ ಫೋನ್ ಮಾಡ್ತೀರಿ? ಅವರ ಮನೆ ಅಡ್ರೆಸ್ ನಿಮ್ಮ ಹತ್ರ ಇದೆಯಾ?

ಇನ್ನೊಂದಿದೆ. ಸುಸ್ತು, ಬೇಜಾರು, ತೂಕ ಏರಿಕೆ, ಯಾವುದರಲ್ಲೂ ಆಸಕ್ತಿ ಇಲ್ಲ ಅಂತ ಬಂದವರಿಗೆ ಇರೋದು ಥೈರಾಯ್ಡ್ ಕೊರತೆ ಇರಬಹುದು. ನೀವು ಎಷ್ಟೇ ಚೆನ್ನಾಗಿ ಕೇಳಿಸ್ಕೊಂಡ್ರೂ ಅದು ರಕ್ತ ಪರೀಕ್ಷೆ ಇಲ್ಲದೆ ಗೊತ್ತಾಗಲ್ಲ. ಹೆರಿಗೆಯಾದ ಕೆಲವೇ ದಿನಕ್ಕೆ ವಿಚಿತ್ರವಾಗಿ ಮಾತಾಡೋಕೆ ಶುರು ಮಾಡಿದ ಬಾಣಂತಿಗೆ ಬೇಕಾಗಿರೋದು ಕೌನ್ಸೆಲಿಂಗ್ ಅಲ್ಲ, ಅವತ್ತೇ ಆಸ್ಪತ್ರೆ. ಯಾವುದು ನನ್ನ ಕೆಲಸ ಅಲ್ಲ ಅಂತ ಗುರುತಿಸೋಕೇ ಬಹಳ ಕಲೀಬೇಕು. ಜನ ನಿಮ್ಮ ಮುಂದೆ ಮನಸ್ಸು ಬಿಚ್ಚಿ ಮಾತಾಡ್ತಾರೆ ಅನ್ನೋದು ದೊಡ್ಡ ಗುಣ, ಒಪ್ತೀನಿ, ಎಷ್ಟೋ ಎಂಎ ಮಾಡಿದವರಲ್ಲೂ ಅದು ಇರಲ್ಲ. ಆದ್ರೆ ಅದು ಕೆಲಸದ ಶುರು ಅಷ್ಟೇ.

ಈಗ ದಾರಿಗಳ ವಿಷಯ. ಪೂರ್ತಿ ವೃತ್ತಿ ಮಾಡ್ಕೋಬೇಕು ಅಂದ್ರೆ ಡಿಗ್ರಿ ತಪ್ಪಲ್ಲ, ನಾನು ಸಿಹಿ ಸವರಿ ಹೇಳಲ್ಲ. ಪಿಯುಸಿ ಅರ್ಧಕ್ಕೆ ನಿಂತವರು ಎನ್‌ಐಒಎಸ್ ಮೂಲಕ ಹನ್ನೆರಡನೇ ಕ್ಲಾಸ್ ಮುಗಿಸಬಹುದು, ಅಲ್ಲಿ ಸೈಕಾಲಜಿನೇ ಒಂದು ವಿಷಯವಾಗಿ ಸಿಗುತ್ತೆ. ಆಮೇಲೆ ಬಿಎ ಅಥವಾ ಬಿಎಸ್‌ಸಿಯಲ್ಲಿ ಸೈಕಾಲಜಿ, ಮೇಲೆ ಎಂಎ ಅಥವಾ ಎಂಎಸ್‌ಸಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ಇಷ್ಟು ವರ್ಷ ಅದರ ಮೇಲೆ ಎರಡು ವರ್ಷದ ಎಂಫಿಲ್ ಇತ್ತು. ಹೊಸ ಶಿಕ್ಷಣ ನೀತಿಯಲ್ಲಿ ಎಂಫಿಲ್ ಅನ್ನೋದೇ ನಿಂತುಹೋಗ್ತಿದೆ, ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ 2025-26ರವರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಈಗ ಸೇರೋರು ಹಳೇ ಸೀನಿಯರ್‌ಗಳ ಮಾತು ಕೇಳಿ ಪ್ಲ್ಯಾನ್ ಮಾಡ್ಬೇಡಿ, ಆರ್‌ಸಿಐ ವೆಬ್‌ಸೈಟಿನಲ್ಲಿ ಆ ವರ್ಷದ ಕೋರ್ಸ್ ಪಟ್ಟಿ ನೋಡಿ.

ಕೆಲಸದಲ್ಲಿ ಇದ್ಕೊಂಡೇ ಓದ್ತೀನಿ ಅನ್ನೋರಿಗೆ ಒಂದು ಬೇಜಾರಿನ ಸುದ್ದಿ. ತುಂಬಾ ಜನ ಇಗ್ನೊದಂಥ ಕಡೆ ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡ್ತಿದ್ರು. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಕೊಡೋ ಹಾಗಿಲ್ಲ ಅಂತ ಯುಜಿಸಿ ನಿಲ್ಲಿಸಿದೆ. ನಾನು ಮೊದಲು ಹೇಳಿದ 2021ರ ಕಾಯ್ದೆನೇ ಇದಕ್ಕೆ ಕಾರಣ. ಗುಣಮಟ್ಟಕ್ಕೆ ಒಳ್ಳೇದೇ ಇರಬಹುದು. ಆದ್ರೆ ಸಂಬಳ ಬಿಟ್ಟು ಕಾಲೇಜಿಗೆ ಹೋಗೋಕೆ ಆಗದವರ ಬಾಗಿಲು ಮುಚ್ಚಿದ್ದೂ ನಿಜ, ಆ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡ್ತಿಲ್ಲ. ಈಗ ಯಾರಾದ್ರೂ 'ಆನ್‌ಲೈನ್ ಎಂಎ ಸೈಕಾಲಜಿ, ಯುಜಿಸಿ ಮಾನ್ಯತೆ' ಅಂತ ಫೋನ್ ಮಾಡಿದ್ರೆ ನಿಮಗೆ ಗೊತ್ತಿರಲಿ.

ನನ್ನಂಥ ಬಿಕಾಂನವರಿಗೂ ಇದು ಸೀದಾ ರಸ್ತೆ ಅಲ್ಲ. ಎಷ್ಟೋ ಕಡೆ ಎಂಎಸ್‌ಸಿ ಸೈಕಾಲಜಿಗೆ ಡಿಗ್ರಿಯಲ್ಲೂ ಸೈಕಾಲಜಿ ಕೇಳ್ತಾರೆ. ಎಂಎಸ್‌ಡಬ್ಲ್ಯೂಗೆ ಹಾಗಿಲ್ಲ, ಸಾಮಾನ್ಯವಾಗಿ ಯಾವ ಡಿಗ್ರಿ ಇದ್ರೂ ಆಗುತ್ತೆ, ಅಲ್ಲಿಂದ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಕಡೆ ಹೋಗಬಹುದು. ಡಿಗ್ರಿ ಇದ್ದೂ ಲೈನ್ ಬದಲಿಸೋರು ಈ ದಾರಿಯನ್ನ ಯಾಕೋ ನೋಡೋದೇ ಇಲ್ಲ.

ಡಿಗ್ರಿ ಇಲ್ಲದೆ ಇವತ್ತೇ ಏನು ಮಾಡಬಹುದು? ಸ್ವಯಂಸೇವಕರಾಗಬಹುದು. ನಿಮ್ಹಾನ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ನಿಮ್ಮ ಮನೇಲೂ ಒಂದಾದ್ರೂ ಇರುತ್ತೆ, 2024ರಲ್ಲಿ ಪದ್ಮಶ್ರೀ ಬಂತು. ಅವರು ಬೆಂಗಳೂರಿನಲ್ಲಿ 'ಸಮಾಧಾನ' ಆಪ್ತಸಲಹಾ ಕೇಂದ್ರ ಕಟ್ಟಿ, ಸಾಮಾನ್ಯ ಜನರಿಗೂ ಆಪ್ತಸಲಹೆ ಕಲಿಸಿದ್ದಾರೆ. ಆತ್ಮಹತ್ಯೆ ತಡೆಗೆ ಕೆಲಸ ಮಾಡೋ ಚೆನ್ನೈನ 'ಸ್ನೇಹಾ' 1986ರಿಂದ ಸ್ವಯಂಸೇವಕರ ಮೇಲೇ ನಡೀತಿದೆ. ಹೀಗೆ ಕೂತು ಒಂದು ವರ್ಷ ಬೇರೆಯವರ ಕಷ್ಟ ಕೇಳಿ. ಸಂಬಳ ಸಿಗಲ್ಲ. ಆದ್ರೆ ಇದು ನಿಮಗೆ ಆಗೋ ಕೆಲಸನಾ ಅಲ್ವಾ ಅಂತ ₹14,999 ಖರ್ಚಿಲ್ಲದೆ ಗೊತ್ತಾಗುತ್ತೆ. ಮೂರನೇ ತಿಂಗಳಿಗೆ ನಿದ್ದೆ ಕೆಟ್ಟು 'ನನ್ನಿಂದ ಆಗಲ್ಲ' ಅನ್ನೋರೂ ಇರ್ತಾರೆ, ಅದೂ ಬೇಗ ಗೊತ್ತಾದ್ರೆ ಒಳ್ಳೇದೇ.

ಕೋರ್ಸಿಗೆ ದುಡ್ಡು ಕಟ್ಟಲೇಬೇಕು ಅನ್ನೋರು ಕಟ್ಟೋಕೆ ಮೊದಲು ಫೋನ್ ಮಾಡಿ ಕೇಳಿ. ಕಲಿಸೋರು ಯಾರು, ಅವರ ಆರ್‌ಸಿಐ ನಂಬರ್ ಏನು? ಆ ನಂಬರ್ ಪರಿಷತ್ತಿನ ವೆಬ್‌ಸೈಟಿನಲ್ಲಿ ಹುಡುಕಿದ್ರೆ ಸಿಗುತ್ತೆ. ನನ್ನ ಸೆಷನ್‌ಗಳನ್ನ ಯಾರು ಕೇಳಿ ತಿದ್ದುತ್ತಾರೆ, ಎಷ್ಟು ಗಂಟೆ? ಆತ್ಮಹತ್ಯೆ ಯೋಚನೆ ಇರೋರು ಬಂದ್ರೆ ಏನು ಮಾಡಬೇಕು ಅಂತ ಎಷ್ಟು ಕ್ಲಾಸ್ ಇದೆ? 'ಇಂಟರ್‌ನ್ಯಾಷನಲ್ ಅಕ್ರೆಡಿಟೆಡ್' ಅಂದ್ರೆ ಯಾವ ದೇಶದ ಯಾವ ಕಾನೂನು? ನಾನೇ ಆ ಸ್ಕ್ರೀನ್‌ಶಾಟಿನ ನಂಬರಿಗೆ ಫೋನ್ ಮಾಡಿ ಸೂಪರ್‌ವಿಷನ್ ಬಗ್ಗೆ ಕೇಳಿದೆ. ಆ ಕಡೆಯ ಹುಡುಗಿ, "ಮೇಡಂ, ವಾಟ್ಸಾಪ್ ಗ್ರೂಪ್ ಇರುತ್ತೆ" ಅಂದ್ಲು.

ರಾಣೆಬೆನ್ನೂರಿನವರಿಗೆ ನಾನು ಕಳಿಸಿದ ಉತ್ತರ ಇಷ್ಟೇ: ಬ್ಯಾಡ. ಆ ದುಡ್ಡನ್ನ ಡಿಗ್ರಿಯ ಮೊದಲ ವರ್ಷಕ್ಕೆ ತೆಗೆದಿಡಿ. ಅಲ್ಲಿವರೆಗೆ ಅಂಗಡೀಲಿ ಹೇಳ್ಕೊಳ್ಳೋಕೆ ಬಂದವರ ಮಾತು ಕೇಳಿ, ಸಲಹೆ ಕೊಡೋಕೆ ಹೋಗ್ಬೇಡಿ, ಅವರ ಕತೆ ಇನ್ನೊಬ್ಬ ಗಿರಾಕಿ ಕಿವಿಗೆ ಬೀಳದ ಹಾಗೆ ನೋಡ್ಕೊಳ್ಳಿ. ಸಣ್ಣ ಊರಲ್ಲಿ ಅದೇ ಅರ್ಧ ಕೆಲಸ. ಮತ್ತೆ ಒಂದು ಚೀಟಿ ಬರೆದು ಟೇಬಲ್ ಗಾಜಿನ ಕೆಳಗೆ ಇಡಿ: ಟೆಲಿ-ಮಾನಸ್, 14416. ಸರ್ಕಾರದ ಉಚಿತ ಸಹಾಯವಾಣಿ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ. ಈ ಎಪಿಸೋಡ್ ಕೇಳ್ತಾ ನಿಮಗೇ ಎದೆ ಭಾರ ಅನ್ನಿಸ್ತಿದ್ರೆ ನೀವೂ ಅದೇ ನಂಬರಿಗೆ ಮಾಡಬಹುದು.

ಮುಂದಿನ ವಾರ, ಥೆರಪಿ ಫೀಸಿಗೆ ಹೆಲ್ತ್ ಇನ್ಶೂರೆನ್ಸ್ ದುಡ್ಡು ಕೊಡುತ್ತಾ ಅನ್ನೋದನ್ನ ನೋಡೋಣ. ನಿಮ್ಮ ಪಾಲಿಸಿ ಕಾಗದ ಹುಡುಕಿ ಇಟ್ಕೊಂಡಿರಿ.